ನಿಮ್ಮೊಡನೆ ನಾಲ್ಕು ಮಾತು: ಮೂರು ನಾಯಿ, ಒಂದು ಆಫೀಸು



"ಏನ್ರೀ, ನಾಯಿಗಳಿಗೂ ಶಿಶುವಿಹಾರವೇ?" ಎಂದು ನೀವು ಮೂಗಿನ ಮೇಲೆ ಬೆರಳಿಡುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಾನೂ ಹಾಗೆ ಬೆರಳಿಟ್ಟವಳೇ. ನಮ್ಮ ತಿಪಟೂರಿನ ಕಡೆ ನಾಯಿ ಎಂದರೆ ಜಗಲಿಯ ಮೇಲೊಂದು ಗೋಣಿತಾಟು, ರಾತ್ರಿ ಉಳಿದ ಮುದ್ದೆ, ಮಜ್ಜಿಗೆ, ತೆಂಗಿನ ತೋಟದ ತುಂಬ ಓಡಾಟ. ಅಷ್ಟೇ. ಅದನ್ನು ಬೆಳಿಗ್ಗೆ ಮಕ್ಕಳನ್ನು ಬಿಟ್ಟ ಹಾಗೆ ಬಿಟ್ಟು, ಸಂಜೆ ಹೋಗಿ ಕರೆತರುವುದು ಅಂದರೆ ನಗು ಬಾರದೇ ಇರುತ್ತದೆಯೇ? ಆದರೆ ಹೋದ ತಿಂಗಳು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಬಂದೆ ನೋಡಿ, ಆ ನಗು ನಿಂತಿದೆ. ಯಾಕೆ ಅಂತ ಹೇಳ್ತೀನಿ. ಒಲೆ ಆರಿಸಿ, ಒಂದು ಗಳಿಗೆ ಕೂತ್ಕೊಳ್ಳಿ.

ಮಗಳ ಮನೆ ಸಂಜಯನಗರದಲ್ಲಿ, ಮೂರನೆಯ ಮಹಡಿ. ಆಫೀಸು ನಾಗವಾರದ ಹತ್ತಿರ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು, ಮಿಕ್ಕ ಎರಡು ದಿನ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೆಲಸ. ಮನೆಯಲ್ಲಿ ಮೂರು ನಾಯಿ. ಚಿನ್ನಿ ನಾಲ್ಕು ವರ್ಷದ ಲ್ಯಾಬ್ರಡಾರ್. ಪುಟ್ಟ, ಮಳೆಯಲ್ಲಿ ಯಾರದೋ ಕಾರಿನ ಕೆಳಗೆ ನಡುಗುತ್ತಾ ಕೂತಿದ್ದ ಬೀದಿಮರಿ, ಈಗ ವರ್ಷದ ಪೋಕರಿ. ಇನ್ನೊಬ್ಬ ಕರಿಯ. ಹನ್ನೊಂದು ವರ್ಷದ ನಾಟಿ ನಾಯಿ. ಅವನ ಸಂಗತಿ ಆಮೇಲೆ ಹೇಳ್ತೀನಿ.

"ಮನೆಯಲ್ಲೇ ಕೂಡಿಹಾಕಿ ಹೋಗಬಾರದೇನೇ?" ಎಂದು ಕೇಳಿದೆ. ಹಿಂದೊಮ್ಮೆ ಹಾಗೆ ಮಾಡಿದ್ದಳಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಬೊಗಳು! ಅಕ್ಕಪಕ್ಕದವರು ದೂರು ಕೊಟ್ಟರು. ಪುಟ್ಟ ಸೋಫಾದ ಹತ್ತಿಯನ್ನೆಲ್ಲ ಹೊರಗೆಳೆದು ಮನೆತುಂಬ ಹರಡಿದ್ದನಂತೆ. ಅಂದಿನಿಂದ ಆಫೀಸಿನ ದಿನ ಮೂವರಿಗೂ ಸಹಕಾರನಗರದ ಕಡೆ ಒಂದು ಡೇ ಕೇರ್. ತಲೆಗೆ ದಿನಕ್ಕೆ ಏಳುನೂರು ರೂಪಾಯಿ ಕೊಡುತ್ತಾಳೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಎದೆ ಹಿಡಿದುಕೊಂಡೆ ಅನ್ನಿ!

ಆದರೆ ದುಡ್ಡಿಗಿಂತ ನನ್ನ ಕಣ್ಣಿಗೆ ಬಿದ್ದಿದ್ದು ಅವಳ ಓಡಾಟ. ಐದು ಗಂಟೆಗೆ ಏಳೋದು. ಮೂರನ್ನೂ ಒಟ್ಟಿಗೆ ಹಿಡಿಯಲು ಆಗದು, ಹಾಗಾಗಿ ಎರಡು ಸಲ ಕೆಳಗಿಳಿದು ಸುತ್ತಾಡಿಸೋದು. ಆರಕ್ಕೆಲ್ಲ ಅವಕ್ಕೆ ಊಟ. ತಡವಾಗಿ ಹಾಕಿದರೆ ಕಾರಿನಲ್ಲಿ ವಾಂತಿ. ಆಮೇಲೆ ತಿಂಡಿ, ಇಬ್ಬರ ಡಬ್ಬಿ, ಸ್ನಾನ. ಏಳೂವರೆಗೆ ಕಾರು ಹೊರಡಬೇಕು. ಹೆಬ್ಬಾಳದ ಮೇಲ್ಸೇತುವೆ ದಾಟಿ ನಾಯಿಗಳನ್ನು ಬಿಟ್ಟು, ಅದೇ ಹೆಬ್ಬಾಳಕ್ಕೆ ತಿರುಗಿ ಬಂದು ನಾಗವಾರಕ್ಕೆ. ಸಂಜೆ ಏಳಕ್ಕೆ ಅವರು ಬಾಗಿಲು ಹಾಕುತ್ತಾರೆ. ಆರಾದರೆ ಸಾಕು, ಇವಳ ಕಣ್ಣು ಗಡಿಯಾರದ ಮೇಲೆ. ಅಳಿಯಂದಿರು ಒಳ್ಳೆಯವರೇ, ಕೆಟ್ಟ ಮಾತಾಡಿದವರಲ್ಲ. ಆದರೆ ಅವರು ಎದ್ದು ಕಾಫಿ ಹಿಡಿದು ಪೇಪರು ನೋಡುವ ಹೊತ್ತಿಗೆ (ಪೇಪರೆಲ್ಲಿ, ಫೋನು!) ಇವಳ ಅರ್ಧ ದಿನ ಮುಗಿದಿರುತ್ತದೆ.

ಎರಡನೆಯ ದಿನ ತಡೆಯಲಾರದೆ ಅಂದುಬಿಟ್ಟೆ. "ಇಷ್ಟು ಪಾಡು ಯಾಕೆ ಕಣೇ? ಎರಡನ್ನಾದರೂ ಯಾರಿಗಾದರೂ ಕೊಟ್ಟುಬಿಡು."

ಅವಳು ಚಿನ್ನಿಗೆ ಪಟ್ಟಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಕರಿಯನ್ನ ನೀನು ಕೊಟ್ಟ ಹಾಗಾ ಅಮ್ಮ?" ಎಂದಳು.

ನನಗೆ ಮಾತು ಹೊರಡಲಿಲ್ಲ. ಸೋದರಿಯರೇ, ಕರಿಯ ನಮ್ಮವನು. ನಮ್ಮವರು ಮರಿಯಲ್ಲಿ ಎತ್ತಿಕೊಂಡು ಬಂದು ಸಾಕಿದ್ದು. ಐದು ವರ್ಷದ ಹಿಂದೆ ಅವರು ಹೋದಾಗ ನಾನು ಮನೆಗೆ ಬೀಗ ಹಾಕಿ ಹಾಸನಕ್ಕೆ ಮಗನ ಮನೆಗೆ ಹೊರಟೆ. ನಾಯಿಯನ್ನು ತೋಟದವನ ಹತ್ತಿರ ಬಿಟ್ಟರಾಯಿತು ಎಂದೆ. ಆಗ ಏನೂ ಮಾತಾಡದೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವಳು ಇವಳೇ. ವರ್ಷ ಕಳೆದು ನಾನು ಊರಿಗೆ ಮರಳಿದೆ. ಆದರೆ ಅವನನ್ನು ಕರೆತರುವ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗುರುವಾರ ಬಂತು. ಅಳಿಯಂದಿರು ಬೆಳಗಿನ ಜಾವವೇ ವಿಮಾನಕ್ಕೆ ಹೊರಟಿದ್ದರು. ಮಗಳಿಗೆ ಒಂಬತ್ತೂವರೆಗೆ ಆಫೀಸಿನಲ್ಲಿ ದೊಡ್ಡ ಮೀಟಿಂಗು, ಆರು ತಿಂಗಳ ಕೆಲಸವನ್ನು ಮೇಲಿನವರ ಮುಂದೆ ಇಡಬೇಕು. ಜೊತೆಗಿರಲಿ ಎಂದು ನಾನೂ ಕಾರು ಹತ್ತಿದೆ. ಗೇಟಿನಲ್ಲಿ ಒಬ್ಬ ಹುಡುಗಿ ಮೂರು ಲಸಿಕೆ ಪುಸ್ತಕ ತಿರುವಿ ಹಾಕಿದಳು. "ಮೇಡಂ, ಕರಿಯನ ರೇಬೀಸ್ ಇಂಜೆಕ್ಷನ್ ತಾರೀಖು ಮುಗಿದು ಹನ್ನೆರಡು ದಿನ ಆಗಿದೆ. ಒಳಗೆ ಬಿಡೋಕಾಗಲ್ಲ" ಎಂದಳು.

ನಾನು ರೇಗಿದೆ. "ಹನ್ನೆರಡು ದಿನಕ್ಕೆ ಏನಮ್ಮಾ ಆಗುತ್ತೆ?" ಹುಡುಗಿ ಸಮಾಧಾನವಾಗಿಯೇ ಅಂದಳು. "ಒಳಗೆ ಇಪ್ಪತ್ತು ನಾಯಿ ಇದೆ ಅಮ್ಮ. ಇವನಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕಾಗುತ್ತೆ." ಅವಳದು ತಪ್ಪಲ್ಲ. ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಮಗಳು ಗೇಟಿನ ಕಂಬ ಹಿಡಿದು ನಿಂತುಬಿಟ್ಟಳು. ಹತ್ತನೆಯ ತರಗತಿಯ ಪರೀಕ್ಷೆಗೆ ಹಾಲ್ ಟಿಕೆಟ್ ಮರೆತು ಹೋದ ದಿನ ಅವಳ ಮುಖ ಹೀಗೇ ಆಗಿತ್ತು.

"ಪಟ್ಟಿ ಇಲ್ಲಿ ಕೊಡು. ಕರಿಯ ನನ್ನ ಜೊತೆ ಬರ್ತಾನೆ. ನೀನು ಹೊರಡು" ಎಂದೆ.

ಹೇಳೋದು ಸುಲಭ. ಇಬ್ಬರು ಆಟೋದವರು ನಾಯಿಯ ಮುಖ ನೋಡಿಯೇ ಮುಂದೆ ಹೋದರು. ಮೂರನೆಯವನು, "ಕೆಳಗೆ ಏನಾದರೂ ಹಾಸ್ಕೊಳ್ಳಿ ಅಮ್ಮಾ, ನಮ್ಮ ಮನೇಲೂ ಒಂದೈತೆ" ಎಂದ. ಹೆಗಲ ಮೇಲಿನ ಶಾಲು ಹಾಸಿದೆ. ದಾರಿಯುದ್ದಕ್ಕೂ ಕರಿಯ ನನ್ನ ಮಂಡಿಯ ಮೇಲೆ ಗದ್ದ ಇಟ್ಟುಕೊಂಡೇ ಬಂದ. ನೇರವಾಗಿ ಡಾಕ್ಟರ ಹತ್ತಿರ ಹೋದೆ. ಅವರು ಇಂಜೆಕ್ಷನ್ ಕೊಟ್ಟು, ಅವನ ಹಿಂಗಾಲು ಒತ್ತಿ ನೋಡಿದರು. ಕರಿಯ ಕುಂಯ್ ಎಂದ. "ಸಂಧಿವಾತ ಶುರುವಾಗಿದೆ ಅಮ್ಮ. ಹನ್ನೊಂದು ವರ್ಷ ಅಂದರೆ ನಮ್ಮಲ್ಲಿ ಅರವತ್ತು ದಾಟಿದ ಹಾಗೆ. ಮರಿಗಳ ಜೊತೆ ದಿನವಿಡೀ ಎಳೆದಾಟ ಇವನಿಗೆ ಆಗೋದಲ್ಲ. ಮೆತ್ತನೆ ಹಾಸಿಗೆ, ನಿಧಾನ ನಡಿಗೆ, ಒಬ್ಬರ ಜೊತೆ. ಇಷ್ಟು ಸಾಕು" ಎಂದರು.

ರಾತ್ರಿ ಮಗಳು ಬಂದಳು. ಮೀಟಿಂಗು ಚೆನ್ನಾಗಿ ಆಗಿತ್ತು. ಡಾಕ್ಟರು ಅಂದದ್ದನ್ನು ಹೇಳಿದೆ. ಅವಳು ಫೋನಿನಲ್ಲಿ ಡೇ ಕೇರಿನವರು ಹಿಂದೆ ಕಳಿಸಿದ್ದ ಚಿತ್ರಗಳನ್ನು ತೆಗೆದು ತೋರಿಸಿದಳು. ಚಿನ್ನಿ, ಪುಟ್ಟ ನೀರಿನಲ್ಲಿ ಕುಣಿಯುತ್ತಿದ್ದಾರೆ. ಒಂದೊಂದು ಚಿತ್ರದ ಮೂಲೆಯಲ್ಲೂ ಕರಿಯ ಗೇಟಿಗೆ ಮುಖ ಮಾಡಿ ಕೂತಿದ್ದಾನೆ. "ನೋಡಿದ್ದೆ ಅಮ್ಮ. ಆದರೆ ಬೇರೆ ದಾರಿ ಇರಲಿಲ್ಲ, ಅದಕ್ಕೇ ನೋಡದ ಹಾಗೆ ಇದ್ದೆ" ಎಂದು ಅತ್ತಳು. ಮೂರು ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗಾಗಿತ್ತು ನೋಡಿ.

ಶನಿವಾರ ಅಳಿಯಂದಿರು ಬಂದ ಮೇಲೆ ಮಗಳು ಜಗಳ ಆಡಲಿಲ್ಲ. ನಾನು ಹೇಳಿಕೊಟ್ಟ ಹಾಗೆ, ಒಂದು ಹಾಳೆಯಲ್ಲಿ ನಾಯಿಗಳ ಕೆಲಸವನ್ನೆಲ್ಲ ಒಂದೊಂದಾಗಿ ಬರೆದಳು. ಹದಿನೇಳಾಯಿತು. ಎದುರಿಗೆ ಮಾಡುವವರ ಹೆಸರು ಬರೆದಾಗ ಅಳಿಯಂದಿರ ಪಾಲಿಗೆ ಬಂದದ್ದು ಎರಡೇ. ಅವರು ಹಾಳೆಯನ್ನು ತುಂಬ ಹೊತ್ತು ನೋಡಿದರು. "ನನ್ನ ಆಫೀಸು ಹತ್ತಕ್ಕೆ ತಾನೇ? ಬೆಳಿಗ್ಗೆ ಬಿಡೋದು ನಂದು. ಲಸಿಕೆ ಪುಸ್ತಕಾನೂ ನಂಗೇ ಕೊಡು" ಎಂದರು. ಸೋದರಿಯರೇ, ಬಾಯಲ್ಲಿ ನೂರು ಸಲ ಹೇಳಿದರೂ ಕಾಣದ ದುಡಿಮೆ ಹಾಳೆಯ ಮೇಲೆ ಬಂದರೆ ಕಾಣುತ್ತದೆ. ನಿಮ್ಮ ಮನೆಯಲ್ಲಿ ನಾಯಿ ಇಲ್ಲದಿದ್ದರೂ ಒಂದು ಸಲ ಬರೆದು ನೋಡಿ!

ನಮ್ಮ ಊರುಗಳಲ್ಲಿ ಡೇ ಕೇರ್ ಸಿಗಲಿಕ್ಕಿಲ್ಲ. ಆದರೆ ಮದುವೆ, ಮುಂಜಿ, ಆಸ್ಪತ್ರೆ ಎಂದು ನಾಯಿಯನ್ನು ನೆರೆಮನೆಯಲ್ಲಿ ಬಿಡುವ ಸಂದರ್ಭ ಯಾರಿಗೆ ಬರುವುದಿಲ್ಲ? ಅದಕ್ಕೆ ಕೆಲವು ಕಿವಿಮಾತು:

1. ಮರಿಗೆ ಆರರಿಂದ ಎಂಟು ವಾರದಲ್ಲಿ ಪಾರ್ವೋ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆ ಶುರು. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮುಂದಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಹಲವು ನಾಯಿ ಸೇರುವ ಕಡೆ ಕೆಮ್ಮು ಗಾಳಿಯಲ್ಲೇ ಹರಡುತ್ತದೆ. ಅದಕ್ಕೂ ಲಸಿಕೆ ಇದೆ, ಡಾಕ್ಟರನ್ನು ಕೇಳಿ.

2. ಬಿಡುವ ಮುನ್ನ ಕಿವಿಯ ಸಂದು, ಬೆರಳ ಸಂದು ನೋಡಿ. ಒಂದು ನಾಯಿಯ ಉಣ್ಣಿ ಸಂಜೆಗೆ ಇನ್ನೊಂದರ ಮೈಮೇಲೆ. ಉಣ್ಣಿಯಿಂದ ಬರುವ ಜ್ವರ ಪ್ರಾಣಕ್ಕೇ ತರಬಹುದು.

3. ನೋಡಿಕೊಳ್ಳುವವರಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದುಕೊಡಿ. ಊಟದ ಹೊತ್ತು, ಔಷಧಿ, ಯಾವುದಕ್ಕೆ ಹೆದರುತ್ತದೆ, ಡಾಕ್ಟರ ಫೋನ್ ನಂಬರು. ನಿಮ್ಮ ಹಳೆಯ ಸೀರೆಯ ತುಂಡೊಂದು ಜೊತೆಗಿರಲಿ, ವಾಸನೆಯಲ್ಲೇ ಅವಕ್ಕೆ ಧೈರ್ಯ.

4. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟು ಬೇಡವೇ ಬೇಡ. ಸಾರು ಕಲಸಿದ ಅನ್ನದ ಬದಲು ಉಪ್ಪು, ಒಗ್ಗರಣೆ ಇಲ್ಲದ ಮೆತ್ತನೆ ಅನ್ನಕ್ಕೆ ಬೇಯಿಸಿದ ಮೊಟ್ಟೆ ಅಥವಾ ಕೋಳಿ, ಒಂದಿಷ್ಟು ಕ್ಯಾರೆಟ್ ಹಾಕಿ.

5. ನಾವು ನುಂಗುವ ನೋವಿನ ಮಾತ್ರೆಯನ್ನು ನಾಯಿಗೆ ಕೊಡಲೇಬಾರದು.

6. ನಿಲ್ಲಿಸಿದ ಕಾರಿನಲ್ಲಿ "ಐದೇ ನಿಮಿಷ" ಎಂದು ಬಿಟ್ಟು ಹೋಗಬೇಡಿ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯಲು ಅವಕ್ಕೆ ಬಾರದು.

7. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ತೀರಾ ಅಪರೂಪ.

ಕರಿಯನ ಸಂಗತಿ ಉಳಿಯಿತಲ್ಲ? ಹೊರಡುವ ಹಿಂದಿನ ರಾತ್ರಿ ಮಗಳನ್ನು ಕೇಳಿದೆ. "ಇವನನ್ನು ನಾನು ಕರ್ಕೊಂಡು ಹೋಗ್ಲಾ?" ಅವಳು ಬಹಳ ಹೊತ್ತು ಸುಮ್ಮನಿದ್ದು, "ಈ ಸಲ ಯಾರಿಗೂ ಕೊಡಲ್ಲ ತಾನೇ?" ಎಂದಳು. ಮಾತು ಚುಚ್ಚಿತು, ಆದರೆ ಅದು ನನಗೆ ಬರಬೇಕಾದದ್ದೇ. "ಇಲ್ಲ" ಎಂದೆ.

ಮನೆ ಮುಂದೆ ಕಾರು ನಿಂತಾಗ ಅವನು ಇಳಿದು ಅಂಗಳವನ್ನೆಲ್ಲ ಮೂಸಿದ. ಆಮೇಲೆ ನಮ್ಮವರು ಕೂರುತ್ತಿದ್ದ ಕಟ್ಟೆಯ ಹತ್ತಿರ ಹೋಗಿ ಮಲಗಿದ. ಈಗ ಅಲ್ಲಿ ಗೋಣಿತಾಟಿನ ಬದಲು ಹಳೆಯ ಕೌದಿ ಹಾಸಿದ್ದೇನೆ, ಡಾಕ್ಟರು ಮೆತ್ತಗಿರಲಿ ಎಂದಿದ್ದಾರಲ್ಲ. ಬೆಳಿಗ್ಗೆ ಇಬ್ಬರೂ ತೋಟದ ಬೇಲಿಯವರೆಗೆ ನಿಧಾನವಾಗಿ ನಡೆದು ಬರುತ್ತೇವೆ. ಅವನಿಗೂ ಮಂಡಿ ನೋವು, ನನಗೂ ಮಂಡಿ ನೋವು!

ನಿಮ್ಮ ಮನೆಯ ನಾಯಿಯ ಸಂಗತಿ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.