ಪ್ರಶ್ನೆಯೇ ತಪ್ಪಾದರೆ ಉತ್ತರ ಸರಿಯಾದೀತೇ?

ರಾಣೆಬೆನ್ನೂರಿನಿಂದ ಹಾವೇರಿಯ ಕಾಲೇಜಿಗೆ ರೈಲಿನಲ್ಲಿ ಹೋಗುವಾಗ ನಡುವೆ ಬ್ಯಾಡಗಿ ನಿಲ್ದಾಣ ಸಿಗುತ್ತದೆ. ಬಿಇ ಪ್ರಾಜೆಕ್ಟಿಗೆ ನಾವು ನಾಲ್ವರು ಗೆಳೆಯರು ಆ ಊರಿನ ವಿಷಯವನ್ನೇ ಆರಿಸಿಕೊಂಡಿದ್ದೆವು: ಮೆಣಸಿನಕಾಯಿ ದರವನ್ನು ಮುಂಚೆಯೇ ಅಂದಾಜಿಸುವ ಆ್ಯಪ್. ಮೆಣಸಿನಕಾಯಿ ಬೆಳೆಯುವ ಅಪ್ಪನಿಗೆ ಉತ್ಸಾಹದಿಂದ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಮಾತು: ‘ರೇಟ್ ಬೀಳ್ತೈತಿ ಅಂತ ಗೊತ್ತಾದ್ರ ಏನ್ ಮಾಡ್ಲಿ? ಸಾಲದವ್ರು ಕಾಯ್ತಾರೇನು?’

2024ರ ಮಾರ್ಚ್ 11 ನೆನಪಾಯಿತು. ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಅಂದು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಕಡುಗೆಂಪು ಬಣ್ಣ, ಕಡಿಮೆ ಖಾರಕ್ಕೆ ಹೆಸರಾಗಿ 2011ರಲ್ಲಿ ಜಿಐ ಮಾನ್ಯತೆ ಪಡೆದ ಬೆಳೆ. ಇ-ಟೆಂಡರ್ ನಡೆಯುವ ಮಾರುಕಟ್ಟೆ. ಆದರೂ ಹೀಗೇಕಾಯಿತು?

ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತರಲು ದಾರಿ ಹುಡುಕುವುದೇ ವಿನ್ಯಾಸ ಎಂಬ ಅರ್ಥದಲ್ಲಿ ಹರ್ಬರ್ಟ್ ಸೈಮನ್ 1969ರಲ್ಲಿ ಬರೆದರು. ಆದರೆ ‘ಬೇಕಾದ ಸ್ಥಿತಿ’ ಯಾರಿಗೆ ಬೇಕಾದದ್ದು? 1973ರಲ್ಲಿ ಹೋರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬ್ಬರ್ ಇಂಥವನ್ನು ‘ವಿಕೆಡ್ ಪ್ರಾಬ್ಲಂ’ ಎಂದು ಕರೆದರು. ಇಲ್ಲಿ ಸಮಸ್ಯೆ ಏನೆಂಬುದೇ ನೋಡುವವರನ್ನು ಅವಲಂಬಿಸಿ ಬದಲಾಗುತ್ತದೆ. ರೈತನಿಗೆ ಅದು ದರ, ವರ್ತಕನಿಗೆ ಆವಕ ಮತ್ತು ತೇವಾಂಶ, ಪೊಲೀಸರಿಗೆ ಕಾನೂನು ಸುವ್ಯವಸ್ಥೆ, ನಮ್ಮಂಥವರಿಗೆ ಆ್ಯಪ್!

ಇ-ಟೆಂಡರ್ ‘ದರ ಹೇಗೆ ನಿಗದಿಯಾಗಬೇಕು’ ಎಂಬ ಪ್ರಶ್ನೆಗೆ ಉತ್ತರ. ಆದರೆ ದರ ಗೊತ್ತಾಗುವುದು ಚೀಲಗಳು ಮಾರುಕಟ್ಟೆಗೆ ಬಂದಿಳಿದ ಮೇಲೆ. ಬೇಡವೆನ್ನಲು ರೈತನಿಗೆ ಅವಕಾಶವೇನೋ ಇದೆ. ಬೇಡವೆಂದು ಕಾಯುವ ಶಕ್ತಿ ಇಲ್ಲ. ವಾಪಸ್ ಒಯ್ಯಲು ಬಾಡಿಗೆ, ಇಡಲು ಜಾಗ, ಅಲ್ಲಿವರೆಗೆ ಬಡ್ಡಿ, ಎಲ್ಲವೂ ಅವನ ತಲೆ ಮೇಲೆ.

ಹಾಗಾಗಿ ನಾವು ಪ್ರಶ್ನೆಯನ್ನೇ ಬದಲಿಸಿದೆವು: ದರ ಬಿದ್ದ ದಿನ ರೈತ ಕಾಯುವಂತಾಗಲು ಏನು ಬೇಕು? ಈಗ ಶೈತ್ಯಾಗಾರದ ಬಾಡಿಗೆ, ದಾಸ್ತಾನಿನ ಮೇಲಿನ ಸಾಲದ ಬಡ್ಡಿ, ಒಂದೇ ಊರಿನವರು ಸೇರಿ ಸಾಗಿಸಿದರೆ ಉಳಿಯುವ ಖರ್ಚು, ಇವನ್ನು ಲೆಕ್ಕ ಹಾಕುತ್ತಿದ್ದೇವೆ. ಇದೂ ಪೂರ್ಣ ಪರಿಹಾರವಲ್ಲ. ಎಲ್ಲರೂ ಕಾದರೆ ಶೈತ್ಯಾಗಾರವೇ ತುಂಬಿಹೋಗುತ್ತದೆ. ಮುಂದೆ ದರ ಏರದೆಯೂ ಇರಬಹುದು.

ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಅವರೇ ಕೊಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಹಾಗಿರುವುದಿಲ್ಲ. ಸಂದರ್ಶನಕ್ಕೆಂದು ‘ಪ್ರಾಬ್ಲಂ ಸಾಲ್ವಿಂಗ್’ ಅಭ್ಯಾಸ ಮಾಡುವ ಗೆಳೆಯರೇ, ಕೋಡ್ ಬರೆಯುವ ಮುನ್ನ ಒಮ್ಮೆ ಮಾರುಕಟ್ಟೆಗೆ ಹೋಗಿ, ಚೀಲದ ಪಕ್ಕ ಕೂತವರನ್ನು ಮಾತಾಡಿಸಿ. ನಮ್ಮ ಪ್ರಾಜೆಕ್ಟಿನ ಮೊದಲ ತಪ್ಪನ್ನು ಹಿಡಿದದ್ದು ಕಂಪ್ಯೂಟರ್ ಅಲ್ಲ, ಅಪ್ಪ.