ಗಂಟಲು ಬೇನೆಗೂ ರಜೆ ಬೇಡವೆ?

ಗಂಟಲು ನೋವೆಂದರೆ ನಮ್ಮಲ್ಲಿ ಯಾರೂ ಲಕ್ಷ್ಯ ಕೊಡುವುದಿಲ್ಲ. ಉಪ್ಪುನೀರು ಮುಕ್ಕಳಿಸಿ, ಮೆಣಸಿನ ಕಷಾಯ ಕುಡಿದು ಕೆಲಸಕ್ಕೆ ಹೊರಡುವುದು ದುಡಿಯುವ ಜನರ ರೂಢಿ. ಹೆಚ್ಚಿನ ಗಂಟಲು ನೋವು ವೈರಸ್ಸಿನಿಂದ ಬಂದು ತಾನಾಗಿ ವಾಸಿಯಾಗುವಂಥದು ನಿಜ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುವ ಬೇನೆಯ ಮಾತು ಬೇರೆ. ನೋವು ಅಡಗಿ ಎರಡು ಮೂರು ವಾರಗಳಾದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬಂದು, ಕೀಲುಗಳು ಬಾತು, ಹೃದಯದ ಕವಾಟಗಳು ಕೆಡುತ್ತವೆ. ಇದೇ ರುಮ್ಯಾಟಿಕ್ ಜ್ವರ. ಇದಕ್ಕೆ ತುತ್ತಾಗುವವರು ಹೆಚ್ಚಾಗಿ 5ರಿಂದ 15 ವರ್ಷದವರು; ಅದರಲ್ಲಿಯೂ ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಬಡವರ ಮಕ್ಕಳು.

ಈ ರೋಗಾಣು ಮನೆಯಲ್ಲಷ್ಟೇ ಅಲ್ಲ, ರೋಗ ಕಳೆಯಬೇಕಾದ ಆಸ್ಪತ್ರೆಯಲ್ಲಿಯೂ ಹರಡುತ್ತದೆ. ಗಾಯಕ್ಕೆ ತಗುಲಿದರೆ ಗಾಯ ಕೀವಾಗುತ್ತದೆ. ಹೆರಿಗೆಯಾದ ಹೆಂಗಸಿಗೆ ತಗುಲಿದರೆ ಬಾಣಂತಿ ನಂಜು. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ವೈದ್ಯರು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ ಹನ್ನೊಂದು ತಾಯಂದಿರು ಸತ್ತರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಎಲ್ಲರೂ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದನು. ಮರುವರ್ಷ ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಕೈ ತೊಳೆದರೂ ಉಳಿಯುವ ಇನ್ನೊಂದು ದಾರಿಯನ್ನು ಇಂಗ್ಲೆಂಡಿನ ಡೋರಾ ಕೋಲ್‌ಬ್ರೂಕ್ 1935ರಲ್ಲಿ ತೋರಿಸಿದರು. ಅನೇಕ ಬಾಣಂತಿಯರಿಗೆ ರೋಗಾಣು ಬಂದದ್ದು ಶುಶ್ರೂಷೆ ಮಾಡುವವರ ಮೂಗು ಗಂಟಲುಗಳಿಂದ.

ಹಾಗಾದರೆ ಗಂಟಲು ಬೇನೆಯಿರುವ ನರ್ಸು, ಆಯಾ, ವಾರ್ಡು ಗುಡಿಸುವವರು ಆ ದಿನ ಮನೆಯಲ್ಲಿರಬೇಕು. ಇರುವುದು ಹೇಗೆ? ಆಸ್ಪತ್ರೆಗಳ ಕೆಲಸವನ್ನು ಗುತ್ತಿಗೆ, ಹೊರಗುತ್ತಿಗೆ ಎಂದು ಹಂಚಿಬಿಟ್ಟಿದ್ದಾರೆ. ಅವರಲ್ಲಿ ಅನೇಕರಿಗೆ ಬಾರದ ದಿನದ ಸಂಬಳವಿಲ್ಲ; ನಾಲ್ಕು ದಿನ ಬಾರದಿದ್ದರೆ ಕೆಲಸವೂ ಇಲ್ಲ. ಮನೆಯ ಒಲೆ ಉರಿಯಬೇಕಾದ ಆಕೆ ನೋವನ್ನು ನುಂಗಿಕೊಂಡು ಬರುತ್ತಾಳೆ. ಬಾಣಂತಿಗೆ ನಂಜಾದರೆ ಬೈಗುಳ ಅವಳ ಪಾಲಿಗೆ, ಬಿಲ್ಲಿನ ಹಣ ಗುತ್ತಿಗೆದಾರನ ಪಾಲಿಗೆ! ಇದು ಯಾವ ನ್ಯಾಯವೆಂದು ನಾವು ಕೇಳುತ್ತೇವೆ.

ರಜೆ ಕೊಟ್ಟರೆ ಆಸ್ಪತ್ರೆ ನಡೆಯದೆಂದು ಅಧಿಕಾರಿಗಳು ಹೇಳಿಯಾರು. ಈ ರೋಗಾಣು ಇಂದಿಗೂ ಪೆನಿಸಿಲಿನ್ನಿಗೆ ಬಗ್ಗುತ್ತದೆ. ಔಷಧ ಶುರುವಾಗಿ 24 ಗಂಟೆ ಕಳೆದರೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಅಂಟುವ ಭಯವಿರುವುದಿಲ್ಲ. ಅಂದರೆ ನಾವು ಕೇಳುತ್ತಿರುವುದು ಒಂದೆರಡು ದಿನದ ಸಂಬಳ ಸಹಿತ ರಜೆ, ಗಂಟಲಿನ ಪರೀಕ್ಷೆ, ಬೇಕಾದವರಿಗೆ ಔಷಧ. ಇದು ಖಾಯಂ ನೌಕರರಿಗೆ ಮಾತ್ರವಲ್ಲ, ಕಸಬರಿಕೆ ಹಿಡಿದವಳಿಗೂ ಸಿಗಬೇಕು. ರೋಗಾಣು ನೇಮಕದ ಆದೇಶವನ್ನು ಓದಿಕೊಂಡು ಅಂಟುವುದಿಲ್ಲ.

ಜ್ವರದಿಂದ ಹೃದಯ ಕೆಟ್ಟ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಬೇಕಾಗುತ್ತದೆ. ಆ ಸೂಜಿಮದ್ದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ತಪ್ಪದೆ ದೊರೆಯಬೇಕು. ‘ಕೈ ತೊಳೆಯಿರಿ’ ಎಂದು ಗೋಡೆಗೆ ಬರೆಸಿದ ಮಾತ್ರಕ್ಕೆ ಸರಕಾರದ ಹೊಣೆ ತೀರದು. ಆಸ್ಪತ್ರೆಯ ನೌಕರರೂ ಅಲ್ಲಿಗೆ ಹೋಗುವ ಜನರೂ ಒಂದಾಗಿ ಈ ರಜೆಗಾಗಿ ದನಿಯೆತ್ತಬೇಕೆಂದು ನಾವು ಕರೆಕೊಡುತ್ತೇವೆ.