ಅಥಣಿ ರಸ್ತೆಗೂ ಒಂದು ಫ್ಯಾಂಟಸಿ ಕಾದಂಬರಿ ಬೇಕು

ನಾವು ಫ್ಯಾಂಟಸಿ ಕಾದಂಬರಿ ಓದುತ್ತೇವೆ ಅಂದರೆ ಹಿರಿಯರ ಮುಖದಲ್ಲಿ ಎರಡು ಥರದ ನಗು ಕಾಣಿಸುತ್ತದೆ. ಚಂದಮಾಮ ಓದುವ ವಯಸ್ಸು ಇನ್ನೂ ಮುಗಿದಿಲ್ಲವಾ ಎನ್ನುವ ನಗು ಒಂದು. ಇಂಗ್ಲಿಷಿನವರ ಹುಚ್ಚು ಹತ್ತಿದೆ ಎನ್ನುವ ನಗು ಇನ್ನೊಂದು. ಮೊದಲನೆಯದನ್ನು ತಡೆದುಕೊಳ್ಳಬಹುದು. ಎರಡನೆಯದರ ಬೆನ್ನಿಗೇ ಉಪದೇಶ ಬರುತ್ತದೆ: "ನೀವು ಹಳ್ಳಿಯಿಂದ ಬಂದವರು, ನಿಮ್ಮ ಅನುಭವ ಬರೀರಿ. ಬರ ಐತಿ, ಗುಳೆ ಐತಿ, ಕಬ್ಬಿನ ಬಾಕಿ ಐತಿ. ಈ ದೆವ್ವ-ಮಾಟ ನಿಮಗ್ಯಾಕ್ರಿ?" ಬೆಂಗಳೂರಿನ ಹುಡುಗ ಡ್ರ್ಯಾಗನ್ ಬಗ್ಗೆ ಬರೆದರೆ ಅದು ಕಲ್ಪನೆ. ಬಬಲೇಶ್ವರದ ಹುಡುಗಿ ಬರೆದರೆ ಮಾತ್ರ ವಾಸ್ತವಕ್ಕೆ ಬೆನ್ನು ಹಾಕಿದಂತೆ. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ.

ಹಾಗಂತ ಓದಿದ್ದನ್ನೆಲ್ಲ ಹೊತ್ತು ಮೆರೆಯಲಿಕ್ಕೆ ನಾವು ಬಂದಿಲ್ಲ. ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ, ಉಳಿದದ್ದನ್ನು ಮೊಬೈಲಿನಲ್ಲಿ ಕಣ್ಣು ಉರಿಯುವ ತನಕ ಓದಿದ ಮೇಲೆ ಹೇಳುತ್ತೇವೆ, ಮುಕ್ಕಾಲು ಪಾಲು ಜೊಳ್ಳು. ಮೊದಲ ಪುಟದಲ್ಲಿ ನಕಾಶೆ, ಮುಂದಿನ ಪುಟದಲ್ಲಿ ಅನಾಥ ಹುಡುಗ, ಅವನಿಗೊಬ್ಬ ಗಡ್ಡದ ಗುರು, ದೂರದಲ್ಲಿ ಎಲ್ಲೋ ಕತ್ತಲಿನ ದೊರೆ. ಟೋಲ್ಕಿನ್ 1954–55ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪ್ರಕಟಿಸಿದ ಮೇಲೆ ಎಷ್ಟೋ ಜನ ಅದೇ ಚಹಾಪುಡಿಯನ್ನು ಮತ್ತೆ ಮತ್ತೆ ಕುದಿಸಿ ಬಸಿದಿದ್ದಾರೆ. ಏಳೇಳು ಸಂಪುಟ ಓದಿದರೂ ಆ ರಾಜ್ಯದಲ್ಲಿ ಜೋಳ ಬೆಳೆಯುವವರು ಯಾರು, ಕಂದಾಯ ಕಟ್ಟುವವರು ಯಾರು ಅಂತ ಗೊತ್ತಾಗುವುದಿಲ್ಲ.

ನಮ್ಮನ್ನು ಹಿಡಿದು ಕೂರಿಸಿದ್ದು ನಗರದ ಫ್ಯಾಂಟಸಿ. ಅಂದರೆ ಬೇರೆ ಲೋಕ ಕಟ್ಟದೆ, ಬಸ್ಸು, ಪೊಲೀಸ್ ಠಾಣೆ, ಬಾಡಿಗೆ ಮನೆ ಇರುವ ಊರಿನಲ್ಲೇ ಮಾಯೆಯನ್ನು ತಂದಿಡುವ ಕಾದಂಬರಿಗಳು. ನೀಲ್ ಗೇಮನ್‌ನ 'ನೆವರ್‌ವೇರ್' 1996ರದು. ಲಂಡನ್ನಿನ ಕೆಳಗೊಂದು ಲಂಡನ್. ಅಲ್ಲಿ ರೈಲು ನಿಲ್ದಾಣಗಳ ಹೆಸರೆಲ್ಲ ನಿಜವಾಗುತ್ತವೆ: ಏಂಜೆಲ್ ಎಂಬ ನಿಲ್ದಾಣಕ್ಕೆ ಸರಿಯಾಗಿ ಒಬ್ಬ ದೇವದೂತ, ಅರ್ಲ್ಸ್ ಕೋರ್ಟಿಗೆ ಒಬ್ಬ ಅರ್ಲ್. ಬೆನ್ ಆರನೊವಿಚ್‌ನ 'ರಿವರ್ಸ್ ಆಫ್ ಲಂಡನ್' 2011ರದು. ಅದರಲ್ಲಿ ಒಬ್ಬ ಸಾದಾ ಕಾನ್‌ಸ್ಟೇಬಲ್ ಕೊಲೆ ನಡೆದ ಜಾಗ ಕಾಯುತ್ತ ನಿಂತಿರುವಾಗ ಸಾಕ್ಷಿ ಹೇಳಲು ಬರುವವನು ಸತ್ತು ಬಹಳ ವರ್ಷಗಳಾದ ಒಬ್ಬ ದೆವ್ವ. ವರದಿಗಾರಿಕೆ ಕಲಿತ ನಮಗೆ ಈ ಪ್ರಸಂಗ ಓದಿ ನಗು ತಡೆಯಲಿಲ್ಲ. ಸತ್ತವನ ಹೇಳಿಕೆಯನ್ನು ಯಾವ ಕಾಲಂನಲ್ಲಿ ಬರೆದುಕೊಳ್ಳಬೇಕು? ಆ ಕಾದಂಬರಿಯಲ್ಲಿ ಥೇಮ್ಸ್ ನದಿಯ ದೇವತೆ ನೈಜೀರಿಯಾದಿಂದ ಬಂದ ಹೆಂಗಸು. ರಸ್ತೆಯ ಕೆಳಗೆ ಕೊಳವೆಯಲ್ಲಿ ಮುಚ್ಚಿಹೋದ ಫ್ಲೀಟ್, ಟೈಬರ್ನ್ ಹೊಳೆಗಳು ಅವಳ ಹೆಣ್ಣುಮಕ್ಕಳು.

ನೆಲದಡಿಯ ಆ ಹೊಳೆಗಳ ಬಗ್ಗೆ ಓದುವಾಗ ನಮಗೆ ನೆನಪಾದದ್ದು ಅಥಣಿ ರಸ್ತೆ. ವಿಜಯಪುರ ಬಿಟ್ಟು ಟಿಕೋಟಾ ಕಡೆಗೆ ಹೊರಟರೆ ತೊರವಿ ಬರುತ್ತದೆ, ಮಹಿಳಾ ವಿಶ್ವವಿದ್ಯಾಲಯ ಇರುವ ಜಾಗ. ಅಲ್ಲೇ ಹತ್ತಿರದ ಸುರಂಗ ಬಾವಡಿಯಿಂದ ಹದಿನಾರನೇ ಶತಮಾನದಲ್ಲಿ ನೆಲದಡಿ ಸುರಂಗ ಕೊರೆದು ನಗರಕ್ಕೆ ನೀರು ಹರಿಸಿದರು. ಅದಕ್ಕೆ ಕಾರೇಜ್ ಅನ್ನುತ್ತಾರೆ. ಸುರಂಗ ಹೋದ ದಾರಿಯುದ್ದಕ್ಕೂ ಅಲ್ಲಲ್ಲಿ ಗಾಳಿಗಾಗಿ ಬಾಯಿ ತೆರೆದ ಬಾವಿಗಳು. ಬೇಸಿಗೆ ಬಂತೆಂದರೆ ಟ್ಯಾಂಕರ್ ದಾರಿ ಕಾಯುವ ನಮ್ಮ ಜಿಲ್ಲೆಯಲ್ಲಿ ಮುಚ್ಚಿಹೋದ ಒಂದು ನದಿ ಕಾಲಡಿಯೇ ಇದೆ. ಲಂಡನ್ನಿನವರು ತಮ್ಮ ಗಟಾರದಿಂದ ದೇವತೆಯನ್ನು ಎಬ್ಬಿಸಿದರು. ನಮ್ಮ ಕಾರೇಜಿಗೆ ಇನ್ನೂ ಒಬ್ಬ ಕಾದಂಬರಿಕಾರ ಸಿಕ್ಕಿಲ್ಲ.

ಅದೇ ತೊರವಿಯ ನರಸಿಂಹನ ಅಂಕಿತದಲ್ಲಿ ಕುಮಾರವಾಲ್ಮೀಕಿ ತೊರವೆ ರಾಮಾಯಣ ಬರೆದ. ಅದರಲ್ಲಿ ಯುದ್ಧಕಾಂಡದ್ದೇ ದೊಡ್ಡ ಪಾಲು. ಮಾಯಾಯುದ್ಧದ ಮೇಲೆ ಈ ನೆಲಕ್ಕೆ ಇದ್ದ ಪ್ರೀತಿ ಇವತ್ತಿನದಲ್ಲ. ಅಲ್ಲೇ ಪಕ್ಕದಲ್ಲಿ ನವರಸಪುರ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸಲು ಶುರುಮಾಡಿದ ಈ ಊರು ಪೂರ್ತಿಯಾಗಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿದ. 'ನವರಸ' ಎಂಬ ಒಂದೇ ಶಬ್ದಕ್ಕೆ ಮರುಳಾಗಿ ಊರಿಗೆ, ಅರಮನೆಗೆ, ನಾಣ್ಯಕ್ಕೆ, ಪುಸ್ತಕಕ್ಕೆ ಅದೇ ಹೆಸರಿಟ್ಟ ರಾಜ ಅವನು. ಸರಸ್ವತಿಯನ್ನು ತಾಯಿ ಎಂದು ಹಾಡಿದ. ತನ್ನ ತಂಬೂರಿಯನ್ನು ಮೋತಿ ಖಾನ್ ಅಂತ, ಆನೆಯನ್ನು ಆತಶ್ ಖಾನ್ ಅಂತ ಕರೆದ. ಇಂಥವನನ್ನು ಹೊಸದಾಗಿ ಕಲ್ಪಿಸಿಕೊಳ್ಳಲು ಯಾವ ಫ್ಯಾಂಟಸಿ ಲೇಖಕನಿಗೂ ಧೈರ್ಯ ಸಾಲದು. ಸಾಮಗ್ರಿ ಇಲ್ಲ ಅನ್ನುವಂತೆಯೂ ಇಲ್ಲ. ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರಿಸಿದೆ. ನಕ್ಷತ್ರ, ಯಂತ್ರ, ತಾಯಿತ, ದೇವತೆಗಳ ಚಿತ್ರ ತುಂಬಿದ 1570ರ 'ನುಜೂಮ್ ಅಲ್ ಉಲೂಮ್' ಹಸ್ತಪ್ರತಿ ಮಾತ್ರ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಬಿಜಾಪುರದ ಮಾಯಾಪುಸ್ತಕ ಐರ್ಲೆಂಡಿನಲ್ಲಿ. ಇದೂ ಒಂದು ಕಾದಂಬರಿಯೇ.

ನಮ್ಮ ನಿಜವಾದ ತಕರಾರು ಇನ್ನು ಮುಂದೆ. ಕಾದಂಬರಿಗೆ ಬಾಗಿಲು ಮುಚ್ಚಿದರೆ ಕಲ್ಪನೆ ಸತ್ತುಹೋಗುವುದಿಲ್ಲ, ಇತಿಹಾಸದ ವೇಷ ಹಾಕಿಕೊಂಡು ಹಿತ್ತಲಿನಿಂದ ಬರುತ್ತದೆ. ನಗರದ ಪಶ್ಚಿಮ ಅಂಚಿನ ಸಾಠ್ ಕಬರ್ ನೋಡಿ. ಸಾಲಾಗಿ ಮಲಗಿದ ಅರವತ್ತಕ್ಕೂ ಹೆಚ್ಚು ಗೋರಿಗಳು. 1659ರಲ್ಲಿ ಶಿವಾಜಿಯನ್ನು ಎದುರಿಸಲು ಹೊರಟ ಅಫ್ಜಲ್ ಖಾನನಿಗೆ ಜ್ಯೋತಿಷಿಗಳು 'ನೀನು ತಿರುಗಿ ಬರುವುದಿಲ್ಲ' ಅಂದರಂತೆ. ಅವನು ಹೆಂಡಂದಿರನ್ನೆಲ್ಲ ಬಾವಿಗೆ ನೂಕಿ ಕೊಂದನಂತೆ. ಈ ಕಥೆಯ ಜೀವವೇ 'ಅಂತೆ'. ಗೈಡ್ ಹೇಳುವಾಗ ಆ 'ಅಂತೆ' ಅರ್ಧ ಸವೆಯುತ್ತದೆ. ಯೂಟ್ಯೂಬಿಗೆ ಬಂದಾಗ ಪೂರ್ತಿ ಬಿದ್ದುಹೋಗಿ 'ಕರಾಳ ಸತ್ಯ' ಆಗುತ್ತದೆ. ವಾಟ್ಸಾಪಿನಲ್ಲಿ ಒಂದು ಕೋಮನ್ನು ಬೈಯಲು ಸಾಕ್ಷಿಯಾಗುತ್ತದೆ. ಆ ಗೋರಿಗಳಲ್ಲಿ ಮಲಗಿದವರು ಯಾರು, ಅವರ ಹೆಸರೇನು ಅಂತ ಯಾರೂ ಕೇಳುವುದಿಲ್ಲ. ಇದೇ ಕಥೆ ಕಾದಂಬರಿಯಲ್ಲಿ ಬಂದರೆ ಲೇಖಕ ಆ ಹೆಂಗಸರಿಗೆ ಹೆಸರು ಕೊಡಲೇಬೇಕು, ಮಾತು ಕೊಡಲೇಬೇಕು. ರಕ್ಷಾಪುಟದ ಮೇಲೆ 'ಕಾದಂಬರಿ' ಎಂದು ಬರೆಯಲೂ ಬೇಕು. ಇಷ್ಟು ಪ್ರಾಮಾಣಿಕತೆ ಫಾರ್ವರ್ಡ್ ಮೆಸೇಜಿಗೆ ಇದೆಯಾ?

ವಿಚಾರವಾದಿ ಗೆಳೆಯರು ಇಲ್ಲಿ ಅಡ್ಡ ಬರುತ್ತಾರೆ. ಮೌಢ್ಯದ ವಿರುದ್ಧ ಹೋರಾಡಿ 2017ರಲ್ಲಿ ಒಂದು ಕಾನೂನು ಬರುವಂತೆ ಮಾಡಿದವರು ಅವರು. ಅವರ ಮೇಲೆ ನಮಗೆ ಗೌರವವಿದೆ. ಮಾಟ-ಮಂತ್ರದ ಕಾದಂಬರಿ ಮತ್ತೆ ಅದೇ ಕೆಸರಿಗೆ ಎಳೆಯುತ್ತದೆ ಎನ್ನುವುದು ಅವರ ಭಯ. ಬೆಳಿಗ್ಗೆ ಟಿವಿಯಲ್ಲಿ ಕೂತು ರಾಶಿಫಲ ಹೇಳುವವರು 'ಇದು ಕಟ್ಟುಕಥೆ' ಎಂದು ಯಾವತ್ತಾದರೂ ಹೇಳಿದ್ದಾರಾ? ಕಾದಂಬರಿ ಮೊದಲ ಪುಟದಲ್ಲೇ ಹೇಳುತ್ತದೆ. ವಿಕ್ರಮ-ಬೇತಾಳದ ಕಥೆ ಓದಿ ಬೆಳೆದ ಯಾರೂ ಹೆಣ ಹೊತ್ತುಕೊಂಡು ಸ್ಮಶಾನಕ್ಕೆ ಹೋಗಲಿಲ್ಲ. ಪ್ರಶ್ನೆಗೆ ಉತ್ತರ ಹುಡುಕುವುದನ್ನು ಮಾತ್ರ ಕಲಿತರು.

ಪುರಾಣ ಇರುವಾಗ ಫ್ಯಾಂಟಸಿ ಯಾಕೆ ಎನ್ನುವವರೂ ಇದ್ದಾರೆ. ಅವರು ಕಂಬಾರರ 'ಕರಿಮಾಯಿ' ಓದಲಿ. ಘೋಡಗೇರಿಯ ಆ ಲೇಖಕ ಶಿವಾಪುರ ಎಂಬ ಊರನ್ನೇ ಸೃಷ್ಟಿಸಿ, ದೇವಿಯನ್ನು ಅಲ್ಲಿನ ರಾಜಕಾರಣದ ನಡುವೆ ತಂದು ನಿಲ್ಲಿಸಿದರು. ನಾವು ಕೇಳುವುದು ಅದರ ಮುಂದಿನ ಹೆಜ್ಜೆ. ಆ ದೇವಿ ಈಗ ಟಿಕೋಟಾ ಬಸ್ಸು ಹತ್ತಬೇಕು.

ಬರ, ಗುಳೆ ಬಿಟ್ಟು ಎಲ್ಲಿಗೆ ಹೋಗುತ್ತೀರಿ ಎನ್ನುವ ಉಪದೇಶಕ್ಕೂ ಇದರಲ್ಲೇ ಉತ್ತರ ಇದೆ. ಗೇಮನ್‌ನ 2001ರ 'ಅಮೆರಿಕನ್ ಗಾಡ್ಸ್' ಕಾದಂಬರಿಯಲ್ಲಿ ವಲಸೆ ಬಂದವರ ಜೊತೆ ಅವರ ದೇವರುಗಳೂ ಬರುತ್ತಾರೆ. ಜನ ಮರೆತ ಮೇಲೆ ಆ ದೇವರುಗಳು ಹೊಟ್ಟೆಪಾಡಿಗೆ ಮೋಸ ಮಾಡುತ್ತ ಅಲೆಯುತ್ತಾರೆ. ನಮ್ಮ ತಾಲ್ಲೂಕುಗಳಿಂದ ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋಗುವವರ ಗಂಟಿನಲ್ಲಿ ರೊಟ್ಟಿಯ ಜೊತೆ ದೇವರ ಫೋಟೊ, ಭಂಡಾರ ಇರುತ್ತದೆ. ತಗಡಿನ ಶೆಡ್ಡಿನಲ್ಲಿ ಆ ದೇವರು ಏನು ಮಾಡುತ್ತಾನೆ? ಕನ್ನಡ ಮರೆತ ಮೊಮ್ಮಕ್ಕಳ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾನೆ? ಜಾತ್ರೆಗೆ ಊರಿಗೆ ಬರಲು ಅವನಿಗೆ ರಜೆ ಕೊಡುವವರು ಯಾರು? ಗುಳೆಯ ಅಂಕಿಅಂಶ ಕೊಡುವ ವರದಿ ನಾವು ಬರೆಯುತ್ತೇವೆ, ಮುಂದೆಯೂ ಬರೆಯುತ್ತೇವೆ. ಈ ಪ್ರಶ್ನೆಗಳಿಗೆ ಅಲ್ಲಿ ಜಾಗ ಇಲ್ಲ.

ನಮ್ಮಲ್ಲಿ ಇಬ್ಬರು ಈಗಾಗಲೇ ಬರೆಯಲು ಕೂತಿದ್ದಾರೆ. ಒಬ್ಬರದು ಕಾರೇಜಿನ ಕಥೆ, ನಾಯಕ ಟ್ಯಾಂಕರ್ ಡ್ರೈವರ್. ಇನ್ನೊಬ್ಬರದು ಸಾಠ್ ಕಬರಿನದು. ಅದರಲ್ಲಿ ಆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮ ಬಗ್ಗೆ ಹಬ್ಬಿದ ಕಥೆಗೆ ಸ್ಪಷ್ಟೀಕರಣ ಕೊಡಲು ಪತ್ರಿಕಾಗೋಷ್ಠಿ ಕರೆಯುತ್ತಾರೆ. ಎಂಟು ಜನರ ಸ್ಪಷ್ಟೀಕರಣ ಮುಗಿದಿದೆ.